ಕುರುಡು ಚುಕ್ಕೆ ಪ್ರಯೋಗ: ಚುಕ್ಕಿ ಮಾಯ ಆಗವಲ್ದು, ಯಾಕ?

ಪ್ರಶ್ನೆ (ಧಾರವಾಡ):
ಎಂಟನೇ ಕ್ಲಾಸಿನ ಮಕ್ಕಳಿಗೆ ಕಣ್ಣಿನ ಕುರುಡು ಚುಕ್ಕೆ, ಅಂದ್ರ ಕಣ್ಣೊಳಗ ಬೆಳಕು ಬಿದ್ರೂ ಏನೂ ಕಾಣದ ಜಾಗ, ತೋರಸಬೇಕ್ರಿ. ಹಾಳಿ ಮ್ಯಾಲೆ ಗುಣಾಕಾರ ಚಿಹ್ನೆ, ಬಾಜೂಕ ಚುಕ್ಕಿ ಹಾಕಿ ಕೊಟ್ರ ಅರ್ಧಾ ಮಕ್ಕಳಿಗೆ ಅದು ಮಾಯಾನ ಆಗವಲ್ದು.

ಉತ್ತರ (ಹುಬ್ಬಳ್ಳಿ):
ಮೊದಲ ಅಂತರ ನೋಡ್ರಿ ಸರ. ಎಡಕ್ಕ ಚಿಹ್ನೆ, ಅಲ್ಲಿಂದ ಬಲಕ್ಕ 8 ಸೆಂ.ಮೀ. ದೂರ ಸಣ್ಣ ಚುಕ್ಕಿ. ಎಡಗಣ್ಣು ಪೂರ್ತಿ ಮುಚ್ಚಿ, ಬಲಗಣ್ಣಿಂದ ಚಿಹ್ನೆ ಅಷ್ಟ ನೋಡಕೋತ ಹಾಳಿ 45 ಸೆಂ.ಮೀ.ನಿಂದ ಸಾವಕಾಶ ಹತ್ರ ತರಬೇಕು. ಸುಮಾರು 30ಕ್ಕ ಚುಕ್ಕಿ ಹೋಗ್ತದ. ನೋಟದ ನಡುವಿನಿಂದ 15 ಡಿಗ್ರಿಯಷ್ಟು ಹೊರಗಿದ್ದದ್ದು ದೃಷ್ಟಿನರ ಹೊರಡೋ ಜಾಗಾದ ಮ್ಯಾಲೆ ಬೀಳ್ತದ, ಅಲ್ಲಿ ಬೆಳಕು ಹಿಡಿಯೋ ಕೋಶಾನ ಇಲ್ಲ. ಗಡಿಬಿಡಿಲೇ ತಂದ್ರ, ಹಾಳಿ ಸೊಟ್ಟ ಹಿಡಿದ್ರ ಆ ಜಾಗ ತಪ್ಪಿ ಹೋಗ್ತದ.

ಉತ್ತರ (ಗದಗ):
ಅಂತರಕ್ಕಿಂತ ದೊಡ್ಡ ತೊಡಕು ಗಮನದ್ದು. ಕಣ್ಣು ಚಿಹ್ನೆ ಮ್ಯಾಲಿಟ್ಟು ಗಮನ ಚುಕ್ಕಿಗೆ ಕೊಡಬೇಕಲ್ಲ, ಮೆದುಳಿನಾಗ ಗಮನ ಹರಿಸೋ ಜಾಲಾ, ಕಣ್ಣು ತಿರುಗಿಸೋ ಜಾಲಾ ಬಹಳಷ್ಟು ಒಂದಾ. ಅದಕ್ಕ ಕಣ್ಣು ತಾನಾಗೇ ಆ ಕಡೆ ಜಿಗೀತದ. ಜೋಡಿ ಮಾಡಿ ಕೂಡಸ್ರಿ, ಒಬ್ಬರು ಇನ್ನೊಬ್ಬರ ಕಣ್ಣಗುಡ್ಡಿ ಕಾಯಲಿ.

ಆಮ್ಯಾಲೆ ಚುಕ್ಕಿ ಮ್ಯಾಲಿಂದ ಉದ್ದಕ್ಕ ಒಂದು ಗೆರಿ ಎಳದು ತೋರಸ್ರಿ. ಚುಕ್ಕಿ ಮಾಯ, ಗೆರಿ ಮಾತ್ರ ಎಲ್ಲೂ ಕಡೀದ ಅಖಂಡ ಕಾಣ್ತದ! ಕಣ್ಣಿಂದ ಸುದ್ದಿ ಬರದ ಜಾಗಾನ ಮೆದುಳು ಸುತ್ತಲಿನದು ನೋಡಿ ತುಂಬತದ.