ಫಿನ್ನಿಷ್ ‘ಮೊತ್ತಿ’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. 1939–40ರ ಫಿನ್‌ಲೆಂಡ್–ಸೋವಿಯತ್ ಚಳಿಗಾಲದ ಯುದ್ಧದ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಮೊತ್ತಿ’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿ ಇದು ಸೌದೆ ಕಡಿಯುವವರ ಮಾತು. ಒಂದು ಘನ ಮೀಟರ್ ಅಳತೆಗೆ ಒಟ್ಟಿದ ಸೌದೆಯೇ ಒಂದು ಮೊತ್ತಿ. ಸೈನಿಕರು ಅದನ್ನೇ ಯುದ್ಧಕ್ಕೆ ತಂದರು. 1940ರ ಜನವರಿ ಮೊದಲ ವಾರ, ಸುವೊಮುಸ್ಸಲ್ಮಿ ಬಳಿಯ ರಾತೆ ರಸ್ತೆ. ಸೋವಿಯತ್‌ನ 44ನೇ ಡಿವಿಷನ್ ಕಾಡಿನ ನಡುವಿನ ಆ ಒಂದೇ ದಾರಿಯಲ್ಲಿ ಉದ್ದಕ್ಕೂ ಸಿಕ್ಕಿಕೊಂಡಿತ್ತು. ಟ್ಯಾಂಕು, ಲಾರಿ, ಕುದುರೆಗಾಡಿ ಯಾವುದೂ ದಾರಿ ಬಿಟ್ಟು ಹಿಮಕ್ಕೆ ಇಳಿಯುವ ಹಾಗಿರಲಿಲ್ಲ. ಬಿಳಿ ಬಟ್ಟೆ ತೊಟ್ಟ ಫಿನ್ನರು ಸ್ಕೀ ಮೇಲೆ ಕಾಡಿನಿಂದ ಬಂದು ಆ ಸಾಲನ್ನು ಅಲ್ಲಲ್ಲಿ ಕಡಿದರು, ದಿಮ್ಮಿ ತುಂಡು ಮಾಡಿದ ಹಾಗೆ. ಒಂದೊಂದು ತುಂಡನ್ನೂ ಸುತ್ತುವರಿದರು. ಹಾಗೆ ಸುತ್ತುವರಿದ ತುಂಡೇ ಯುದ್ಧದ ‘ಮೊತ್ತಿ’. ಅಡುಗೆ ಗಾಡಿಗಳನ್ನು ಹುಡುಕಿ ಹೊಡೆದರು. ಉಳಿದದ್ದನ್ನು ಚಳಿಗೆ, ಹಸಿವಿಗೆ ಬಿಟ್ಟರು.

‘ಚಕ್ರವ್ಯೂಹ’ ದಯವಿಟ್ಟು ಬೇಡ. ಅದು ನಮ್ಮ ಸೈನ್ಯ ನಿಲ್ಲುವ ರೀತಿ. ಇದು ಶತ್ರುವಿನ ಸಾಲು ತುಂಡಾಗುವ ರೀತಿ.

ಉತ್ತರ 1:
‘ಮುತ್ತಿಗೆ’ ಇದೆಯಲ್ಲ. ‘ಮುತ್ತು’ ಧಾತು, ಅಚ್ಚಗನ್ನಡ. ಮನೆಯಲ್ಲಿ ಇರುವುದನ್ನು ಬಿಟ್ಟು ಫಿನ್‌ಲೆಂಡಿಗೆ ಸಾಲಕ್ಕೆ ಹೋಗಬೇಕಿಲ್ಲ. ಚರ್ಚೆ ಮುಗಿಯಿತು.

ಉತ್ತರ 2:
ಮುಗಿದಿಲ್ಲ. ‘ಮೊತ್ತ’ಕ್ಕೆ ರಾಶಿ, ಗುಂಪು ಎಂಬ ಹಳೆಯ ಅರ್ಥವಿದೆ. ಸೌದೆಯ ರಾಶಿಯೂ ಮೊತ್ತಿ! ಇದು ಸುಮ್ನೆ ಬಂದ ಹೋಲಿಕೆ ಅಲ್ಲ. ‘ಮೊತ್ತ’ ಅಂತಲೇ ಬರೆಯಿರಿ.

ಕೇಳಿದವರಿಂದ:
ಮುತ್ತಿಗೆ ಕೋಟೆಗೆ, ಊರಿಗೆ ಸರಿ. ನಡೆಯುತ್ತಿದ್ದ ಸೈನ್ಯವನ್ನು ಮೊದಲು ಕಡಿಯಬೇಕು, ಆಮೇಲೆ ಸುತ್ತಬೇಕು. ಆ ಕಡಿತ ‘ಮುತ್ತಿಗೆ’ಯಲ್ಲಿ ಎಲ್ಲಿದೆ? ‘ಮೊತ್ತ’ ಅಂದರೆ ಇವತ್ತಿನ ಓದುಗರಿಗೆ ದುಡ್ಡಿನ ಲೆಕ್ಕವೇ ಕಾಣುತ್ತದೆ. ನಂಟೂ ಇಲ್ಲ ಸರ್. ಫಿನ್ನರು ‘ಮೊತ್ತಿ’ಯನ್ನು ತಂದಿದ್ದು ಸ್ವೀಡಿಷ್‌ನಿಂದ. ಅಲ್ಲಿ ಮೂಲ ಪದಕ್ಕೆ ‘ಅಳತೆ’ ಎಂದರ್ಥ. ಎರವಲು ಪದ ಅಂತ ಅವರು ಅದನ್ನು ಕಾಡಿನಿಂದ ಆಚೆ ಹಾಕಲಿಲ್ಲ, ಯುದ್ಧಕ್ಕೂ ಒಯ್ದರು. ನಾವು ಮಾತ್ರ ಯಾಕೆ ಇಷ್ಟು ಹೆದರಬೇಕು?

ಮೊದಲ ಸಲ ‘ಮೊತ್ತಿ, ಅಂದರೆ ಸೌದೆ ಒಟ್ಟಿಲು’ ಅಂತ ಬರೆದು, ಮುಂದೆಲ್ಲ ‘ಮೊತ್ತಿ’ ಅಂತಲೇ ಇಡುತ್ತೇನೆ. ‘ಸಾಲನ್ನು ಕಡಿದು ಮೊತ್ತಿ ಮಾಡಿದರು.’ ಈ ವಾಕ್ಯ ನಿಮ್ಮ ಕಿವಿಗೆ ತೊಡಕಾದರೆ ಇವತ್ತು ರಾತ್ರಿಯೊಳಗೆ ತಿಳಿಸಿ.