ಪದಚರ್ಚೆ: ಎಐ ಕೈಲಿ ಮಾಡಿಸಿದ ಅಸೈನ್‌ಮೆಂಟಿಗೆ ಏನನ್ನೋಣ? (ಸೋಮವಾರ ನೋಟೀಸು ಹಾಕಬೇಕು)

> ‘ಕೃತಿಚೌರ್ಯ’ ಸರಿಯೇ? ಅಥವಾ ‘ನಕಲು’ ಸಾಕೇ?

ಎರಡೂ ಬೇಡ.

ಕಳವು ಅಂದಮೇಲೆ ಕಳೆದುಕೊಂಡವನೊಬ್ಬ ಇರಬೇಕು. ಚಾಟ್‌ಜಿಪಿಟಿ ಕೊಟ್ಟ ಉತ್ತರವನ್ನು ಹುಡುಗ ಯಾರಿಂದ ಕದ್ದ? ನಕಲಿಗೂ ಒಂದು ಅಸಲು ಬೇಕು. ಇಲ್ಲಿ ಅಸಲೇ ಇಲ್ಲ. ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಇಂಥದ್ದು ಸಿಗದೆ ಹೋಗುವುದೂ ಅದಕ್ಕೇ.

‘ಬರೆಸು’ ಇದೆಯಲ್ಲ, ಅದನ್ನು ಬಳಸಿ. ತಾನು ಬರೆಯಬೇಕಾದದ್ದನ್ನು ಬರೆಸಿದ, ತಪ್ಪು ಅಷ್ಟೇ. ‘ರೆಕಾರ್ಡ್ ಬರೆಸಿಕೊಂಡ’ ಅಂತ ಕಾಲೇಜಿನಲ್ಲಿ ಎಲ್ಲರೂ ಅನ್ನುತ್ತಾರೆ. ದುಡ್ಡು ಕೊಟ್ಟು ಸೀನಿಯರ್ ಕೈಲಿ ಬರೆಸಿದ್ದೂ ಇದರೊಳಗೇ ಬಂತು.

ಮೇಲೆ ಒಬ್ಬರು ‘ನಕಲು’ ಅರಬ್ಬಿ, ಕಿತ್ತುಹಾಕಿ ಅಂದಿದ್ದಾರೆ. ಒಪ್ಪುವುದಿಲ್ಲ. ಅರ್ಥ ಕೂಡಲಿಲ್ಲ ಅಂತ ನಾನು ಬೇಡ ಅಂದದ್ದು, ಹುಟ್ಟೂರು ನೋಡಿ ಅಲ್ಲ. ಹುಟ್ಟೂರು ಕೇಳುತ್ತಾ ಹೋದರೆ ಪರೀಕ್ಷೆ, ಅಂಕ, ಕಾಲೇಜು ಯಾವುದೂ ಉಳಿಯುವುದಿಲ್ಲ. ಪಕ್ಕದವನದ್ದು ನೋಡಿ ಬರೆದರೆ ಅದು ನಕಲೇ. ಎದುರು ಕೂರಿಸಿ ಬಾಯಲ್ಲಿ ಪ್ರಶ್ನೆ ಕೇಳುವ ‘ವೈವಾ’ಕ್ಕೆ ಅಚ್ಚಗನ್ನಡ ಕಟ್ಟುವುದೂ ಬೇಡ. ಓದುವ ಮಕ್ಕಳಿಗೆ ಅದು ಗೊತ್ತಿರುವ ಪದ.

ಇನ್ನು ನೋಟೀಸಿನ ಕರಡಿನಲ್ಲಿರುವ ‘ಎಐ ಪತ್ತೆಯಂತ್ರದಲ್ಲಿ ಸಿಕ್ಕಿಬಿದ್ದರೆ ಸೊನ್ನೆ’ ಎಂಬ ಸಾಲು. ಪತ್ತೆಯಂತ್ರವೋ ಪತ್ತೆಕಾರಿಯೋ ಅಂತ ನಾಲ್ಕು ಜನ ಸುಮ್ನೆ ಜಗಳವಾಡಿದ್ದೀರಿ. ಆ ಸಾಲನ್ನೇ ತೆಗೆಯಿರಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2023ರ ಜನವರಿಯಲ್ಲಿ ತಂದ ಪತ್ತೆ ಉಪಕರಣವನ್ನು ಜುಲೈನಲ್ಲಿ ತಾನೇ ನಿಲ್ಲಿಸಿತು. ಕಂಪನಿ ಕೊಟ್ಟ ಲೆಕ್ಕದಲ್ಲೇ ಅದು ಎಐ ಬರಹದಲ್ಲಿ ಶೇಕಡಾ 26ನ್ನು ಮಾತ್ರ ಹಿಡಿಯುತ್ತಿತ್ತು. ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ನ್ನು ಎಐ ಅನ್ನುತ್ತಿತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಇಂಥ ಏಳು ಉಪಕರಣಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳಿಗೆ ಎಐ ಎಂಬ ಮುದ್ರೆ ಬಿತ್ತು. ಕನ್ನಡ ಮಾಧ್ಯಮದಿಂದ ಬಂದು, ಗೊತ್ತಿರುವಷ್ಟು ಇಂಗ್ಲಿಷಿನಲ್ಲಿ ಕಷ್ಟಪಟ್ಟು ಬರೆಯುವ ನಮ್ಮ ಮಕ್ಕಳ ಗತಿಯೂ ಅದೇ ಅಲ್ವಾ? ಆ ಮಕ್ಕಳ ಮೇಲೆ ಕಳ್ಳರೆಂಬ ಮಾತು ಬರಬಾರದು. ಪದ ಯಾವುದಾದರೂ ಇರಲಿ, ಇದನ್ನು ಮಾತ್ರ ಬಿಟ್ಟುಕೊಡಬೇಡಿ.

ನೋಟೀಸಿಗೆ ಇಷ್ಟು ಸಾಕು:

‘ಅಸೈನ್‌ಮೆಂಟನ್ನು ಎಐ ಕೈಲಾಗಲಿ ಬೇರೆಯವರ ಕೈಲಾಗಲಿ ಬರೆಸಬಾರದು. ಬರೆದದ್ದರ ಮೇಲೆ ಎಲ್ಲರಿಗೂ ಚಿಕ್ಕ ವೈವಾ ಇರುತ್ತದೆ. ಅಂಕ ಕೊಡುವಾಗ ಅದನ್ನೂ ನೋಡುತ್ತೇವೆ.’

‘ಎಲ್ಲರಿಗೂ’ ಬಿಡಬೇಡಿ. ಅನುಮಾನ ಬಂದವರನ್ನಷ್ಟೇ ಕರೆದರೆ ಕರೆಯುವುದೇ ಶಿಕ್ಷೆಯಾಗುತ್ತದೆ. ‘ಕೃತಕ ಬುದ್ಧಿಮತ್ತೆ’ ಅಂತ ಬಿಡಿಸಿ ಬರೆಯುವುದೂ ಬೇಡ, ಎಐ ಸಾಕು.