62ರ ವಯಸ್ಸಿನಲ್ಲಿ 600 ಕಿ.ಮೀ. ಕುದುರೆ ಪಯಣ: ತಿಳಿದವರು ಹೇಳಿ

ಪ್ರಶ್ನೆ: ವಯಸ್ಸು 62, ತೂಕ 82 ಕೆ.ಜಿ. ವಾರಕ್ಕೆ ಮೂರು ದಿನ ಸವಾರಿಯ ರೂಢಿ ಇದೆ. ಒಂದು ಮಂಡಿ ಹಿಡಿಯುತ್ತದೆ. ಒಂದೇ ಕುದುರೆಯ ಮೇಲೆ 600 ಕಿ.ಮೀ. ಹೋಗುವ ಆಸೆ. ಎಂಥ ಕುದುರೆ, ದಿನಕ್ಕೆ ಎಷ್ಟು ದೂರ, ಸಾಮಾನು ಎಷ್ಟು?

ಉತ್ತರ: ಮೊದಲು ತಕ್ಕಡಿ ಹಿಡಿಯಿರಿ. ಸವಾರ, ಜೀನು, ಚೀಲ, ನೀರು ಎಲ್ಲ ಸೇರಿ ಕುದುರೆಯ ಮೈತೂಕದ ಶೇ. 20 ದಾಟಬಾರದು. 450 ಕೆ.ಜಿ. ಕುದುರೆಗೆ ಅದು 90. ನಿಮ್ಮ 82ಕ್ಕೆ ಬಟ್ಟೆ-ಬೂಟು 3, ಜೀನು 9 ಸೇರಿಸಿದರೆ ಚೀಲ ಏರುವ ಮೊದಲೇ 94! ಆದ್ದರಿಂದ ನಾಲ್ಕೈದು ಕಿಲೋ ತೂಕ ಇಳಿಸಿ, ಸಾಮಾನಿಗೆ ಎರಡನೇ ಕುದುರೆ ನೋಡಿ, ಇಲ್ಲವೇ ಮುಂದಿನ ತಂಗುದಾಣಕ್ಕೆ ಗಾಡಿಯಲ್ಲಿ ಕಳಿಸಿ. ಹೊರೆ ಕುದುರೆಗೆ ಶೇ. 15 ಸಾಕು. ಸವಾರ ಇಳಿಜಾರಿನಲ್ಲಿ ಮೈ ಹೊಂದಿಸಿಕೊಳ್ಳುತ್ತಾನೆ, ಮೂಟೆಗೆ ಅದು ಬಾರದು. ಎಡಬಲದ ಚೀಲಗಳನ್ನು ದಿನವೂ ಕೊಕ್ಕೆ ತಕ್ಕಡಿಯಲ್ಲಿ ತೂಗಿ. ಒಂದು ಕಡೆ ಭಾರ ಹೆಚ್ಚಾದರೆ ಜೀನು ಜಾರಿ ಬೆನ್ನು ಉಜ್ಜುತ್ತದೆ.

ಮತ್ತೊಬ್ಬರು: ಹಾಗಾದರೆ ದೊಡ್ಡ ಕುದುರೆಯನ್ನೇ ಕೊಳ್ಳಿ ಅನ್ನುವವರು ಸಿಗುತ್ತಾರೆ, ಕೇಳಬೇಡಿ. ಮಂಡಿ ನೋವಿದ್ದವರು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಕು. 142ರಿಂದ 150 ಸೆ.ಮೀ. ಎತ್ತರ, ದಪ್ಪ ಮೂಳೆ, ಗಿಡ್ಡ ಬೆನ್ನು ಇರಲಿ. ವಯಸ್ಸು ಎಂಟು ದಾಟಿರಲಿ. 1925ರಲ್ಲಿ ದೂರ ಪಯಣದ ಸವಾರ ಚಿಫೆಲಿ ಬ್ಯೂನಸ್ ಐರಿಸ್‌ನಿಂದ ಉತ್ತರಕ್ಕೆ ಹೊರಟಾಗ ಅವನ ಕುದುರೆಗಳಾದ ಮಾಂಚಾ, ಗಾಟೊ ಎರಡೂ ಹದಿನೈದರ ಆಸುಪಾಸಿನವು. ಹತ್ತುವಾಗ ಕಲ್ಲಿನಂತೆ ನಿಲ್ಲುತ್ತದೆಯೇ ಎಂದು ಎರಡೂ ಬದಿಯಿಂದ ಹತ್ತಿ ನೋಡಿಯೇ ಕೊಳ್ಳಿ. ನೆಲದಿಂದ ಜಗ್ಗಿ ಹತ್ತಿದರೆ ಜೀನು ತಿರುಚಿ ಭುಜದುಬ್ಬಿಗೆ (ಕತ್ತು, ಬೆನ್ನು ಸೇರುವಲ್ಲಿನ ಉಬ್ಬು) ಒತ್ತುತ್ತದೆ. ಬಂಡೆ, ದಿಣ್ಣೆ ಹುಡುಕಿ. ಕುದುರೆ ತಗ್ಗಿನಲ್ಲಿ, ನೀವು ಮೇಲೆ.

ಇನ್ನೊಬ್ಬರು: ನಡಿಗೆಯಲ್ಲಿ ಗಂಟೆಗೆ ಸುಮಾರು 6 ಕಿ.ಮೀ. ಮೊದಲ ವಾರ ದಿನಕ್ಕೆ 15–20, ಆಮೇಲೆ 25. ಐದು ದಿನಕ್ಕೊಮ್ಮೆ ಪೂರ್ತಿ ಬಿಡುವು. ಐದು ವಾರ ತೆಗೆದಿಡಿ. ಗಂಟೆಗೊಮ್ಮೆ ಹತ್ತು ನಿಮಿಷ ಇಳಿದು ನಡೆಯಿರಿ, ಕಡಿದಾದ ಇಳಿಜಾರು ಪೂರ್ತಿ ಕಾಲ್ನಡಿಗೆ. ಕುದುರೆಯ ಬೆನ್ನಿಗೂ ನಿಮ್ಮ ಸೊಂಟಕ್ಕೂ ಒಂದೇ ಮದ್ದು.

ಪ್ರಯಾಣ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಬೆನ್ನಿನ ಹುಣ್ಣಿನಿಂದ. ಜೀನು ಇಳಿಸಿದ ತಕ್ಷಣ ಬೆವರಿನ ಗುರುತು ನೋಡಿ. ಒದ್ದೆಯ ನಡುವೆ ಅಂಗೈಯಗಲ ಒಣ ಜಾಗವಿದ್ದರೆ ಅಲ್ಲಿ ಒತ್ತಡ ಬಿದ್ದಿರಬಹುದು ಎಂದು ತಿಳಿಯಿರಿ. ಬಿಟ್ಟರೆ ಬಾವು, ಆಮೇಲೆ ಹುಣ್ಣು, ಕೊನೆಗೆ ಶಾಶ್ವತ ಬಿಳಿ ಕೂದಲು. ಇನ್ನೊಂದು ಗಂಬಳಿ ತುರುಕುವುದು ಎಲ್ಲರೂ ಮಾಡುವ ತಪ್ಪು. ಬಿಗಿ ಬೂಟಿಗೆ ದಪ್ಪ ಕಾಲುಚೀಲ ಹಾಕಿದ ಹಾಗಾಗುತ್ತದೆ. ಮೂರನೇ ವಾರಕ್ಕೆ ಕುದುರೆಯ ಮೈ ಇಳಿದುಹೋಗಿ, ಮೊದಲು ಸರಿಯಾಗಿ ಕೂರುತ್ತಿದ್ದ ಜೀನೂ ಕೂರದೆ ಹೋಗಬಹುದು. ಆಗ ಗಂಬಳಿ ಬೇಕಾಗುತ್ತದೆ. ಜೀನು ಬಿಗಿಯಾಗಿ ಒತ್ತುವುದನ್ನೂ ಸಡಿಲವಾಗಿ ಕೂರದಿರುವುದನ್ನೂ ಬೇರೆ ಬೇರೆಯಾಗಿ ಗುರುತಿಸಲು ಕಲಿಯಿರಿ.

ವಿಶ್ರಾಂತಿಯಲ್ಲಿ ಕುದುರೆಯ ನಾಡಿ ನಿಮಿಷಕ್ಕೆ 28–44. ನಿಂತು 20 ನಿಮಿಷವಾದರೂ 64ಕ್ಕೆ ಇಳಿಯದಿದ್ದರೆ ಆ ದಿನದ ಪಯಣ ಅಲ್ಲಿಗೇ ನಿಲ್ಲಲಿ. ಒಣಹುಲ್ಲು ದಿನಕ್ಕೆ 8–9 ಕೆ.ಜಿ., ನೀರು 30 ಲೀಟರಿಗೆ ಮೇಲೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಹೊಸ ಕಾಳನ್ನು ವಾರ-ಹತ್ತು ದಿನಗಳಲ್ಲಿ ನಿಧಾನಕ್ಕೆ ಏರಿಸಿ. ಲದ್ದಿ ನಿಂತು, ನೆಲ ಕೆರೆದು, ಪಕ್ಕೆ ತಿರುಗಿ ನೋಡತೊಡಗಿದರೆ ಹೊಟ್ಟೆಶೂಲೆ. ಮೇವು ತೆಗೆದು ಪಶುವೈದ್ಯರನ್ನು ಕರೆಯಿರಿ.

ಮೊದಲು ಉತ್ತರಿಸಿದವರು: ಲಾಳ ಹೊರಡುವ ದಿನ ಬೇಡ, ವಾರ ಮೊದಲೇ ಹೊಡೆಸಿ. ಮೊಳೆ ಗೊರಸಿನ ಜೀವಭಾಗಕ್ಕೆ ತಾಗಿದ್ದರೆ ಕುಂಟು ಅಷ್ಟರಲ್ಲಿ ಕಾಣುತ್ತದೆ. ಲಾಳದ ಆಯುಸ್ಸು ನಾಲ್ಕರಿಂದ ಆರು ವಾರ, ಡಾಂಬರಿನ ಮೇಲೆ ಬೇಗ ಸವೆಯುತ್ತದೆ.

ಕೊನೆಯವರು: ಮಂಡಿ ನೋಯದಂತೆ ರಿಕಾಪಿನ (ಪಾದ ಇಡುವ ಬಳೆ) ಪಟ್ಟಿಯನ್ನು ಒಂದೆರಡು ತೂತು ಉದ್ದ ಬಿಡಿ. ಬೂಟಿಗೆ ಹಿಮ್ಮಡಿ ಇರಲಿ. ರಿಕಾಪು ಬೂಟಿಗಿಂತ ಎರಡೂವರೆ ಸೆ.ಮೀ. ಅಗಲವಿದ್ದರೆ ಕಾಲು ಸಿಕ್ಕಿಕೊಳ್ಳದು. ಹೊರೆ ಕುದುರೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಬೆರಳು ಹೋಗುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲೇ ವೈದ್ಯರಿಗೆ ತಿಳಿಸಿ; ಬಿದ್ದು ತಲೆಗೆ ಪೆಟ್ಟಾದರೆ ಏನೂ ಅನ್ನಿಸದಿದ್ದರೂ ಆಸ್ಪತ್ರೆಗೆ ಹೋಗಿ. ಹೆಲ್ಮೆಟ್ ಹಾಕಲೇಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಫೋನು, ಮಾತ್ರೆ, ಚಾಕು ಜೀನಿನ ಚೀಲದಲ್ಲಿರಬಾರದು, ನಿಮ್ಮ ಮೈಮೇಲಿರಲಿ. ನೀವು ಬಿದ್ದಾಗ ಚೀಲ ಕುದುರೆಯ ಜೊತೆಗೇ ಓಡಿಹೋಗುತ್ತದೆ.